ನಿಮ್ಮೂರಿನ ಫ್ಲೂ ಜ್ವರ ಲೆಕ್ಕಕ್ಕೆ ಸೇರುವುದು ಹೇಗೆ?

ಫ್ಲೂ ಎಂದರೆ ಇನ್‌ಫ್ಲುಯೆಂಜಾ ವೈರಸ್‌ನಿಂದ ಬರುವ ಜ್ವರ. ನೆಗಡಿಗಿಂತ ಇದರಲ್ಲಿ ಮೈಕೈ ನೋವು, ಸುಸ್ತು ಹೆಚ್ಚು. ನಮ್ಮ ದೇಶದಲ್ಲಿ ಇದು ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ. ಯಾವ ಊರಲ್ಲಿ ಎಷ್ಟು ಜನ ಮಲಗಿದ್ದಾರೆ ಎಂದು ಬಿಡದೆ ನೋಡುತ್ತಿರುವುದೇ ಸರ್ವೇಲೆನ್ಸ್, ಅಂದರೆ ರೋಗ ನಿಗಾ. ಐಡಿಎಸ್‌ಪಿ ಎಂಬ ಕೇಂದ್ರ ಸರ್ಕಾರದ ಯೋಜನೆ 2004ರಿಂದ ಈ ಕೆಲಸ ಮಾಡುತ್ತಿದೆ.

ಆಂಧ್ರದ ಕರ್ನೂಲು ಜಿಲ್ಲೆಯ ಪತ್ತಿಕೊಂಡದ ಬಳಿಯ ಹಳ್ಳಿಯೊಂದರಲ್ಲಿ ಯಾರಿಗೋ ಜ್ವರ ಬಂತು ಎನ್ನಿ. ಆಶಾ ಕಾರ್ಯಕರ್ತೆ ಅಥವಾ ಎಎನ್‌ಎಂ ಸಿಸ್ಟರ್ ಮನೆಗೆ ಬಂದಾಗ ಲಕ್ಷಣ ಕೇಳಿ ಬರೆದುಕೊಳ್ಳುತ್ತಾರೆ. ಅದು ‘ಎಸ್’ ಫಾರಂ. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ ಬರೆಯುವುದು ‘ಪಿ’ ಫಾರಂ. ಲ್ಯಾಬ್ ಖಚಿತಪಡಿಸಿದರೆ ‘ಎಲ್’ ಫಾರಂ. ಮೊದಲು ಇವು ಕಾಗದದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದವು. ಈಗ ಐಹೆಚ್‌ಐಪಿ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಿನದಿನವೂ ತುಂಬುತ್ತಾರೆ. ಆಂಧ್ರ ಸೇರಿ ಏಳು ರಾಜ್ಯಗಳಲ್ಲಿ ಅದು 2018ರಲ್ಲೇ ಶುರುವಾಯಿತು, ದೇಶಕ್ಕೆಲ್ಲ 2021ರ ಏಪ್ರಿಲ್‌ನಲ್ಲಿ ಬಂತು. ಕರ್ನೂಲಿನ ಜಿಲ್ಲಾ ನಿಗಾ ಘಟಕ ಈ ಅಂಕಿಗಳನ್ನು ನೋಡುತ್ತಿರುತ್ತದೆ. ಒಂದೇ ಊರಿನಿಂದ ಎಂದಿಗಿಂತ ಹೆಚ್ಚು ಜ್ವರ ಕಂಡರೆ ತಂಡ ಕಳಿಸುತ್ತದೆ.

ಎಲ್ಲ ಜ್ವರವನ್ನೂ ಫ್ಲೂ ಎಂದು ಬರೆಯುತ್ತಾರಾ? ಇಲ್ಲ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರಬೇಕು, ಕೆಮ್ಮಿರಬೇಕು, ಶುರುವಾಗಿ ಹತ್ತು ದಿನದೊಳಗಿರಬೇಕು. ಆಗ ಅದು ಐಎಲ್‌ಐ, ಫ್ಲೂ ತರಹದ ಕಾಯಿಲೆ. ಇದೇ ಲಕ್ಷಣಗಳಿದ್ದು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ‘ಸಾರಿ’, ತೀವ್ರ ಉಸಿರಾಟದ ಸೋಂಕು.

ಎಲ್ಲರಿಗೂ ಪರೀಕ್ಷೆ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಸಾಧಾರಣ ಜ್ವರಕ್ಕೆ ಮನೆಯಲ್ಲಿ ವಿಶ್ರಾಂತಿ ಸಾಕು. ಉಸಿರು ಕಟ್ಟುವುದು, ಎದೆನೋವು, ಮಂಪರು, ಕಫದಲ್ಲಿ ರಕ್ತ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಮೂಗು, ಗಂಟಲಿನಿಂದ ಸ್ವಾಬ್, ಅಂದರೆ ಹತ್ತಿಕಡ್ಡಿಯ ಮಾದರಿ ತೆಗೆದು, ತಂಪಿನಲ್ಲಿಟ್ಟು ಲ್ಯಾಬ್‌ಗೆ ಕಳಿಸುತ್ತಾರೆ. ಪಿಸಿಆರ್ ಪರೀಕ್ಷೆಯಲ್ಲಿ ಅದು ಎಚ್1ಎನ್1, ಎಚ್3ಎನ್2, ಇನ್‌ಫ್ಲುಯೆಂಜಾ ಬಿ ಇವುಗಳಲ್ಲಿ ಯಾವುದು ಎಂದು ತಿಳಿಯುತ್ತದೆ. 2023ರ ಆರಂಭದಲ್ಲಿ ದೇಶದಲ್ಲಿ ಎಚ್3ಎನ್2 ಹೆಚ್ಚಾಗಿದೆ ಎಂದು ಗೊತ್ತಾದದ್ದು ಇಂಥ ಮಾದರಿಗಳಿಂದಲೇ. ವೈರಸ್ ರೂಪ ಬದಲಿಸುತ್ತಿದೆಯೇ ಎಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ನೋಡುತ್ತದೆ. ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತೀರ್ಮಾನಿಸುವಾಗ ಈ ಮಾಹಿತಿ ಬೇಕಾಗುತ್ತದೆ.

ನನಗೆ ಚಿಂತೆಯಿರುವುದು ನಮ್ಮ ಭಾಗದ ಲೆಕ್ಕದ ಬಗ್ಗೆ. ಫ್ಲೂ ಏರುವ ಜನವರಿ–ಮಾರ್ಚ್‌ನಲ್ಲೇ ಕೋಸಿಗಿ, ಆದೋನಿ, ಪತ್ತಿಕೊಂಡ ಕಡೆಯ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗಿರುತ್ತವೆ. ಗುಡಾರದಲ್ಲಿ ಬಂದ ಜ್ವರಕ್ಕೆ ಅಲ್ಲೇ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ. ಊರಲ್ಲಿ ಉಳಿದವರು ಆರ್‌ಎಂಪಿ ಎಂಬ ಹಳ್ಳಿ ವೈದ್ಯರ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಾರೆ. ಗಡಿಯ ಕೆಲವರು ಬಳ್ಳಾರಿಗೆ ಹೋಗುತ್ತಾರೆ, ಆ ಲೆಕ್ಕ ಕರ್ನಾಟಕದಲ್ಲಿ ದಾಖಲಾಗುತ್ತದೆ. ಹೀಗಾದರೆ ಊರೆಲ್ಲ ಕೆಮ್ಮುತ್ತಿದ್ದರೂ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಗುಳೆಯಿಂದ ಮರಳಿದವರಿಗೆ ಜ್ವರವಿದ್ದರೆ ಎಎನ್‌ಎಂ ಸಿಸ್ಟರ್‌ಗೆ ಹೇಳಿ, ಎಲ್ಲಿಂದ ಬಂದಿರಿ ಎಂಬುದನ್ನೂ ತಿಳಿಸಿ.

ಖರ್ಚು? ವರದಿಗೆ ನೀವು ಏನೂ ಕೊಡಬೇಕಾಗಿಲ್ಲ. ಓಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಡಾಕ್ಟರು ಬರೆದರೆ ಮಾತ್ರ ತೆಗೆದುಕೊಳ್ಳಬೇಕು, ಮೊದಲ ಎರಡು ದಿನಗಳಲ್ಲಿ ಶುರುಮಾಡಿದರೆ ಗುಣ ಹೆಚ್ಚು. ಆಂಟಿಬಯೋಟಿಕ್‌ನಿಂದ ಈ ವೈರಸ್ ಸಾಯುವುದಿಲ್ಲ. ಫ್ಲೂ ಲಸಿಕೆ ಮಕ್ಕಳ ಉಚಿತ ಲಸಿಕೆ ಪಟ್ಟಿಯಲ್ಲಿಲ್ಲ. ಖಾಸಗಿಯಲ್ಲಿ ಒಂದೂವರೆ–ಎರಡು ಸಾವಿರ ರೂಪಾಯಿ ಆಸುಪಾಸು, ಪ್ರತಿವರ್ಷ ಹಾಕಿಸಬೇಕು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರು ಡಾಕ್ಟರನ್ನು ಕೇಳಿ.

ಒಂದೇ ಓಣಿಯಲ್ಲಿ, ಒಂದೇ ಶಾಲೆಯಲ್ಲಿ ಹಲವರು ಒಟ್ಟಿಗೆ ಮಲಗಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ದಿನವೇ ಸುದ್ದಿ ಕೊಡಿ. ಐಹೆಚ್‌ಐಪಿ ಜಾಲತಾಣದಲ್ಲಿ ಸಾರ್ವಜನಿಕರೂ ಇದನ್ನು ತಿಳಿಸಬಹುದು. ಊರಿನ ಹೆಸರು, ಕಾಯಿಲೆಯಾದವರ ಸಂಖ್ಯೆ, ಮೊದಲ ಜ್ವರ ಬಂದ ದಿನ, ಇಷ್ಟು ಹೇಳಿದರೆ ಸಾಕು.