1453ರಲ್ಲಿ ಟರ್ಕರು ನಿಜಕ್ಕೂ ಮೆಣಸಿನ ದಾರಿ ಮುಚ್ಚಿದ್ರಾ?

ಎಸ್ಸೆಸ್ಸೆಲ್ಸಿ ಮುಗಿಸಿರೋರಿಗೆಲ್ಲ ಒಂದು ಪ್ರಶ್ನೆ. ಯುರೋಪಿಯನ್ನರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕೋಕೆ ಕಾರಣ ಏನು? ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಉತ್ತರ ಬರುತ್ತೆ: 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು. ಬಿಟ್ಟ ಸ್ಥಳ ತುಂಬಿ, ಒಂದು ವಾಕ್ಯದಲ್ಲಿ ಉತ್ತರಿಸಿ, ನಾಲ್ಕು ಅಂಕಕ್ಕೆ ವಿವರಿಸಿ, ಹೇಗೆ ಕೇಳಿದ್ರೂ ಅದೇ. ಟರ್ಕರು ಬಂದ್ರು, ತೆರಿಗೆ ಏರಿಸಿದ್ರು, ದಾರಿ ಬಂದ್ ಆಯ್ತು, ಬೇರೆ ಗತಿಯಿಲ್ಲದೆ ಯುರೋಪಿನವರು ಸಮುದ್ರಕ್ಕಿಳಿದ್ರು.

ಇದರಲ್ಲಿ ನಗರ ಬಿದ್ದದ್ದು ನಿಜ. 1453ರ ಮೇ 29, ಸುಲ್ತಾನ ಎರಡನೇ ಮೆಹಮದ್. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದೂ ನಿಜ. ಇವೆರಡನ್ನೂ ಗಂಟು ಹಾಕಿರೋ ಆ 'ಆದ್ದರಿಂದ' ಇದೆಯಲ್ಲ, ಅದೇ ನಿಲ್ಲೋದಿಲ್ಲ.

ಕೈಯಲ್ಲಿ ಫೋನ್ ಇದ್ದೇ ಇದೆ, ಮ್ಯಾಪ್ ತೆಗೀರಿ. ಕಲ್ಲಿಕೋಟೆ ಮೇಲೆ ಬೆರಳಿಡಿ. ಮಲಬಾರಿನ ಕರಿಮೆಣಸು ಅಲ್ಲಿಂದ ಅರಬ್ಬೀ ಸಮುದ್ರ ದಾಟಿ ಏಡನ್ ಕಡೆ ಹೋಗ್ತಿತ್ತು. ಆಮೇಲೆ ಕೆಂಪು ಸಮುದ್ರ, ಅಲ್ಲಿಂದ ಒಂಟೆ ಮೇಲೆ ಮರುಭೂಮಿ ದಾಟಿ ಕೈರೋ, ನೈಲ್ ನದಿಯಲ್ಲಿ ದೋಣಿ, ಕೊನೆಗೆ ಅಲೆಕ್ಸಾಂಡ್ರಿಯಾ ಬಂದರು. ವೆನಿಸ್‌ನ ಹಡಗುಗಳು ಅಲ್ಲಿ ಬಂದು ಸರಕು ತುಂಬಿಕೊಳ್ತಿದ್ವು. ಇನ್ನೊಂದು ದಾರಿ ಪರ್ಷಿಯನ್ ಕೊಲ್ಲಿಯಿಂದ ಸಿರಿಯಾಕ್ಕೆ. ಈಗ ಕಾನ್‌ಸ್ಟಾಂಟಿನೋಪಲ್, ಅಂದ್ರೆ ಇವತ್ತಿನ ಇಸ್ತಾಂಬುಲ್, ಎಲ್ಲಿದೆ ನೋಡಿ. ಅಲೆಕ್ಸಾಂಡ್ರಿಯಾದಿಂದ ಉತ್ತರಕ್ಕೆ ಸಾವಿರ ಕಿಲೋಮೀಟರ್‌ಗಿಂತ ದೂರ. ಸಿರಸಿಯಿಂದ ಮಂಗಳೂರಿಗೆ ಅಡಿಕೆ ಲಾರಿ ಹೊರಟಿದೆ, ಬೀದರ್‌ನಲ್ಲಿ ಟೋಲ್ ಏರಿಸಿದ್ದಕ್ಕೆ ಲಾರಿ ನಿಂತೋಯ್ತು ಅಂದ ಹಾಗಾಯ್ತು.

ಹಾಗಾದ್ರೆ ಈಜಿಪ್ಟ್, ಸಿರಿಯಾ ಯಾರ ಕೈಲಿತ್ತು? ಮಾಮ್ಲೂಕ್ ಸುಲ್ತಾನರ ಕೈಲಿ. ಆಟೋಮನ್ನರು ಸಿರಿಯಾ ಗೆದ್ದದ್ದು 1516ರಲ್ಲಿ, ಈಜಿಪ್ಟ್ ಗೆದ್ದದ್ದು 1517ರಲ್ಲಿ. ಅಷ್ಟೊತ್ತಿಗೆ ಗಾಮ ಬಂದು ಹತ್ತೊಂಬತ್ತು ವರ್ಷ ಆಗಿತ್ತು, ಪೋರ್ಚುಗೀಸರು ಗೋವಾದಲ್ಲಿ ಕೂತು ಏಳು ವರ್ಷ. ತಮ್ಮ ಕೈಗೇ ಬರದ ದಾರಿಯನ್ನ ಟರ್ಕರು ಮುಚ್ಚೋದು ಹೇಗೆ?

ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಮೊದಲು ನೆನಪಾಗೋದು ರೇಟು. ಸಪ್ಲೈ ನಿಂತ್ರೆ ಬೆಲೆ ಏರಬೇಕು, ಇಷ್ಟು ಪಿಯುಸಿಯಲ್ಲೇ ಕಲ್ತಿದ್ದೀವಿ. ಏರಿತಾ? ಇದನ್ನ 1915ರಲ್ಲೇ ಲೈಬಯರ್ ಅನ್ನೋ ಅಮೆರಿಕನ್ ಇತಿಹಾಸಕಾರ ಪರಿಶೀಲಿಸಿ ನೋಡಿದ್ರು. 1453ರ ನಂತರ ನಾಲ್ಕು ದಶಕ ಕಳೆದ್ರೂ ಸಾಂಬಾರ ಪದಾರ್ಥಗಳ ಬೆಲೆ ಗಗನಕ್ಕೇರಿದ ಸುಳಿವಿಲ್ಲ. ಆಮೇಲೆ ಫ್ರೆಡೆರಿಕ್ ಲೇನ್ ವೆನಿಸ್‌ನ ಲೆಕ್ಕಗಳನ್ನ ಕೆದಕಿದಾಗಲೂ ಅದೇ ಕಂಡಿದ್ದು. ಹದಿನೈದನೇ ಶತಮಾನದ ಶುರುವಿಗೆ ಹೋಲಿಸಿದ್ರೆ ಅದರ ದ್ವಿತೀಯಾರ್ಧದಲ್ಲಿ ಮೆಣಸು ಅಗ್ಗವಾಗಿತ್ತು. ಬೆಲೆ ಜಿಗಿದದ್ದು ಆ ಶತಮಾನ ಮುಗಿಯೋ ಹೊತ್ತಿಗೆ. ಅಂದಹಾಗೆ, ಅದಕ್ಕೂ ಮೊದಲು ಮೆಣಸಿನ ವ್ಯಾಪಾರವನ್ನ ಸರ್ಕಾರಿ ಏಕಸ್ವಾಮ್ಯ ಮಾಡಿ ವೆನಿಸ್‌ನವರನ್ನ ಗೋಳು ಹುಯ್ಕೊಂಡ ಒಬ್ಬ ಸುಲ್ತಾನ ಇದ್ದ. ಬರ್ಸ್‌ಬೇ ಅಂತ. ಅವನು ಈಜಿಪ್ಟ್‌ನ ಮಾಮ್ಲೂಕ್, ಕಾಲವೂ 1453ಕ್ಕಿಂತ ಸುಮಾರು ಇಪ್ಪತ್ತೈದು ವರ್ಷ ಹಿಂದೆ.

ಇನ್ನು ವೆನಿಸ್. ಕಾನ್‌ಸ್ಟಾಂಟಿನೋಪಲ್ ಬಿದ್ದ ಮರುವರ್ಷ, 1454ರಲ್ಲೇ, ವೆನಿಸ್ ಸುಲ್ತಾನನ ಜೊತೆ ವ್ಯಾಪಾರ ಒಪ್ಪಂದ ಮಾಡ್ಕೊಳ್ತು. ಬಿಸಿನೆಸ್ ಅಂದ್ರೆ ಬಿಸಿನೆಸ್.

ಪೋರ್ಚುಗೀಸರ ತಾರೀಕುಗಳನ್ನೂ ಒಮ್ಮೆ ಜೋಡಿಸಿ. ಅವರು ಆಫ್ರಿಕಾದ ಸೆಯುಟಾ ನಗರ ಹಿಡಿದದ್ದು 1415ರಲ್ಲಿ. ನಾವಿಕರು ಹೆದರುತ್ತಿದ್ದ ಬೊಹಾದೋರ್ ಭೂಶಿರ ದಾಟಿದ್ದು 1434ರಲ್ಲಿ. 1444ರಲ್ಲಿ ಪೋರ್ಚುಗಲ್‌ನ ಲಾಗೋಸ್ ಬಂದರಲ್ಲಿ ಇನ್ನೂರಕ್ಕೂ ಹೆಚ್ಚು ಆಫ್ರಿಕನ್ನರನ್ನ ಇಳಿಸಿ, ಗುಲಾಮರಾಗಿ ಪಾಲು ಹಾಕಿಕೊಂಡಿದ್ರು. ಇದೆಲ್ಲ 1453ಕ್ಕೆ ಮೊದಲು. ಆಫ್ರಿಕಾದ ಚಿನ್ನ, ಗುಲಾಮರು, ಮುಸ್ಲಿಂ ರಾಜ್ಯಗಳ ವಿರುದ್ಧದ ಧಾರ್ಮಿಕ ಹಠ, ಆಮೇಲೆ ಮೆಣಸಿನಲ್ಲಿ ಮಧ್ಯವರ್ತಿಗಳು ಹೊಡೀತಿದ್ದ ಲಾಭ ತಮಗೇ ಬರಲಿ ಅನ್ನೋ ಆಸೆ, ಇವೆಲ್ಲ ಸೇರಿ ಅವರನ್ನ ದಕ್ಷಿಣಕ್ಕೆ ತಳ್ಳಿದ್ವು. ದಾರಿ ಇರಲಿಲ್ಲ ಅಂತ ಅವರು ಹೊರಡಲಿಲ್ಲ. ಇದ್ದ ದಾರಿಯ ಲಾಭ ಬೇರೆಯವರ ಜೇಬಿಗೆ ಹೋಗ್ತಿತ್ತು.

ಹಾಗಂತ 1453ಕ್ಕೆ ಬೆಲೆನೇ ಇಲ್ವಾ? ಇದೆ. ಕಪ್ಪು ಸಮುದ್ರದಲ್ಲಿ ವ್ಯಾಪಾರ ಮಾಡ್ತಿದ್ದ ಜಿನೋವಾದವರಿಗೆ ದೊಡ್ಡ ಪೆಟ್ಟು ಬಿತ್ತು. 1475ರಲ್ಲಿ ಅವರ ಕಾಫಾ ಬಂದರೂ ಟರ್ಕರ ಪಾಲಾಯ್ತು. ಜಿನೋವಾದ ದುಡ್ಡು, ನಾವಿಕರು ಸ್ಪೇನ್, ಪೋರ್ಚುಗಲ್ ಕಡೆ ಹೆಚ್ಚು ತಿರುಗಿದ್ರು. ಕೊಲಂಬಸ್ ಕೂಡ ಜಿನೋವಾದವನೇ. ಆದರೆ ಇದು ಬೇರೆ ಕಥೆ. 'ಭಾರತದ ದಾರಿ ಬಂದ್' ಅನ್ನೋ ಕಥೆ ಅಲ್ಲ.

ನನಗೆ ಸಿಟ್ಟು ಬರೋದು ಇಲ್ಲಿ. ದಾರಿ ಮುಚ್ಚೋ ಕೆಲಸವನ್ನ ನಿಜವಾಗಿ ಮಾಡಿದವರು ಯಾರು? ಪೋರ್ಚುಗೀಸರು. ಗಾಮ 1502ರಲ್ಲಿ ಎರಡನೇ ಸಲ ಬಂದಾಗ ಮೆಕ್ಕಾದಿಂದ ವಾಪಸ್ ಬರ್ತಿದ್ದ ಯಾತ್ರಿಕರ ಹಡಗನ್ನ ಜನರ ಸಮೇತ ಸುಟ್ಟ. ಆಮೇಲೆ 'ಕಾರ್ತಾಜ್' ಅನ್ನೋ ಪರವಾನಗಿ ಚೀಟಿ ಬಂತು. ಅರಬ್ಬೀ ಸಮುದ್ರದಲ್ಲಿ ಯಾವುದೇ ಹಡಗು ಓಡಬೇಕಾದ್ರೆ ಪೋರ್ಚುಗೀಸರ ಹತ್ರ ಚೀಟಿ ತಗೋಬೇಕು, ಇಲ್ಲದಿದ್ರೆ ಹಡಗೂ ಸರಕೂ ಜಪ್ತಿ. ಹಜ್ ಯಾತ್ರೆಗೆ ಮೊಘಲರ ಹಡಗಿಗೂ ಈ ಚೀಟಿ ಬೇಕಿತ್ತು. ನಮ್ಮ ಹೊನ್ನಾವರ, ಭಟ್ಕಳದ ಬಂದರುಗಳೂ ಅವರ ಒತ್ತಡಕ್ಕೆ ಸಿಕ್ಕಿದ್ವು. ಪೋರ್ಚುಗೀಸರೇ 'ಮೆಣಸಿನ ರಾಣಿ' ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ ಅವರ ಜೊತೆ ಯುದ್ಧವನ್ನೂ ಮಾಡಿದಳು, ವ್ಯಾಪಾರವನ್ನೂ ಮಾಡಿದಳು.

ಇಷ್ಟೆಲ್ಲ ಮಾಡಿದ್ರೂ ಹಳೇ ದಾರಿ ಸಾಯಲಿಲ್ಲ. ಈಜಿಪ್ಟ್ ಕೈಗೆ ಬಂದ ಮೇಲೆ ಟರ್ಕರು ಕೆಂಪು ಸಮುದ್ರದ ವ್ಯಾಪಾರವನ್ನ ಉಳಿಸಿಕೊಳ್ಳೋಕೇ ನೋಡಿದ್ರು. 1538ರಲ್ಲಿ ಪೋರ್ಚುಗೀಸರ ಮೇಲೆ ನೌಕಾಪಡೆ ಕಟ್ಕೊಂಡು ಗುಜರಾತಿನ ದಿಯುವರೆಗೂ ಬಂದ್ರು. ಹದಿನಾರನೇ ಶತಮಾನದ ಮಧ್ಯಭಾಗಕ್ಕೆ ಅಲೆಕ್ಸಾಂಡ್ರಿಯಾದಿಂದ ವೆನಿಸ್‌ಗೆ ಮತ್ತೆ ಭರ್ತಿ ಮೆಣಸು ಹೋಗ್ತಿತ್ತು. ಮುಚ್ಚಿದವರು ಅಂತ ನಾವು ಬರೀತಿರೋರು ತೆರೆದಿಡೋಕೆ ಹೊಡೆದಾಡಿದ್ರು. ತೆರೆದವರು ಅಂತ ಬರೀತಿರೋರು ಚೀಟಿ ಹಿಡ್ಕೊಂಡು ಗೇಟ್ ಕಾಯ್ತಿದ್ರು.

ಒಂದು ಮಾರ್ಕ್ಸಿನ ಉತ್ತರಕ್ಕೆ ಇಷ್ಟೊಂದು ಯಾಕಪ್ಪಾ ಅಂತ ಕೇಳಬಹುದು. 'ಕಾರಣ' ಅನ್ನೋ ಪದದಲ್ಲಿ ಆರೋಪನೂ ಅಡಗಿರುತ್ತೆ. ಹದಿನೈದು ವರ್ಷದ ಹುಡುಗ ಹುಡುಗೀರ ತಲೆಗೆ ಹೋಗೋದು ಏನು? ಮುಸ್ಲಿಂ ದೊರೆ ಬಾಗಿಲು ಹಾಕಿದ, ಯುರೋಪಿನ ನಾವಿಕ ವಿಧಿಯಿಲ್ಲದೆ ಕಿಟಕಿ ಹುಡುಕಿದ ಅಂತ. ಆದರೆ ಅಸಲಿ ವ್ಯಾಪಾರದಲ್ಲಿ ಬಂದರು ಆಳ್ತಿದ್ದವನು ಕಲ್ಲಿಕೋಟೆಯ ಹಿಂದೂ ಸಾಮೂದಿರಿ, ಸರಕು ಸಾಗಿಸ್ತಿದ್ದವರಲ್ಲಿ ಹೆಚ್ಚಿನವರು ಮುಸ್ಲಿಂ ವರ್ತಕರು, ಆಚೆ ಕೊಳ್ತಿದ್ದವರು ವೆನಿಸ್‌ನ ಕ್ರೈಸ್ತರು. ಆ ಇಡೀ ಪ್ರಪಂಚ ಒಂದು ಬಿಟ್ಟ ಸ್ಥಳದಲ್ಲಿ ಮಾಯ ಆಗಿಬಿಡುತ್ತೆ.

ಇದು ಉಳ್ಕೊಂಡಿರೋದಕ್ಕೆ ಯಾರದೋ ಕುತಂತ್ರ ಬೇಕಿಲ್ಲ ಅನ್ಸುತ್ತೆ. 1453, 1492, 1498 ಅಂತ ಸಾಲಾಗಿ ಹೇಳಿದ್ರೆ ಬಾಯಿಪಾಠಕ್ಕೆ ಸುಲಭ, ಪ್ರಶ್ನೆಪತ್ರಿಕೆ ಮಾಡೋರಿಗೂ ಸುಲಭ, ತಿದ್ದೋರಿಗಂತೂ ಇನ್ನೂ ಸುಲಭ. 'ಮಧ್ಯವರ್ತಿಯ ಲಾಭ' ಅಂತ ಬರೆದ್ರೆ ಕೀ ಆನ್ಸರ್‌ಗೆ ಹೊಂದಲ್ಲ.

ಈ ವರ್ಷ ಪರೀಕ್ಷೆ ಬರೆಯೋರು ಕೇಳ್ತಿದ್ರೆ, ಒಂದು ಮಾರ್ಕ್ಸಿನ ಪ್ರಶ್ನೆಗೆ ಪುಸ್ತಕದಲ್ಲಿರೋದನ್ನೇ ಬರೀರಿ, ಜಗಳ ಬೇಡ. ನಾಲ್ಕು ಮಾರ್ಕ್ಸಿಗೆ ಬಂದ್ರೆ ಪುಸ್ತಕದ ಅಂಶಗಳನ್ನೆಲ್ಲ ಬರೆದು, ಕೆಳಗೆ ಒಂದು ಸಾಲು ಸೇರಿಸಿ: ಮೆಣಸಿನ ಮುಖ್ಯ ದಾರಿ ಅಲೆಕ್ಸಾಂಡ್ರಿಯಾದ ಮೂಲಕ ಇತ್ತು, ಅದು 1517ರವರೆಗೆ ಮಾಮ್ಲೂಕರ ಕೈಲಿತ್ತು. ಅದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ. ನಿಮ್ಮ ಮೇಷ್ಟ್ರು ಇದ್ಯಾಕೆ ಬರೆದೆ ಅಂತ ಕರೆದು ಕೇಳಿದ್ರೆ, ಸ್ಟಾಫ್ ರೂಮಲ್ಲಿ ನೇತುಹಾಕಿರೋ ಮ್ಯಾಪ್ ತೋರಿಸಿ.