‘ಆರ್ದಿಕ’ ಎಂದವನ ಕಿವಿ ಹಿಂಡಿದ ಅಪರ್ಣಾ!

“ಹೀರೋಯಿನ್ ಆಗಿ ನಿಲ್ಲಲಿಲ್ಲ ಗುರೂ, ಅದಕ್ಕೇ ಮೈಕ್ ಹಿಡಿದ್ರು!”

ಬನಶಂಕರಿ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ತರುಣನೊಬ್ಬ ಹೀಗೆಂದಾಗ ನನ್ನ ಕೈಲಿದ್ದ ಬೈ-ಟು ಟೀ ಅಂಗಿಯ ಮೇಲೆ ತುಳುಕಿತು. ಮಾತು ನಡೆದಿದ್ದು ಅಪರ್ಣಾ ಅವರ ಬಗ್ಗೆ. ಪಾಪ, ಅವನದೇನೂ ತಪ್ಪಿಲ್ಲ ಬಿಡಿ. ನಮ್ಮ ಚಿತ್ರರಸಿಕರ ಲೆಕ್ಕವೇ ಹಾಗೆ. ಬೆಳ್ಳಿತೆರೆಯ ಮೇಲಿದ್ದರೆ ತಾರೆ, ವೇದಿಕೆಯ ಓರೆಯಲ್ಲಿ ನಿಂತು ಇನ್ನೊಬ್ಬರ ಹೆಸರು ಕರೆದರೆ ಬರೀ ‘ಆ್ಯಂಕರ್’! ಅಲ್ಲೇ ನಾಲ್ಕು ಮಾತು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಬಸ್ಸು ಬಂತು, ಹಾರಿ ಹತ್ತಿಕೊಂಡ. ಅವನಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ, ಕೇಳಿ ಮಿತ್ರರೇ.

ಪುಟ್ಟಣ್ಣನವರ ಕೊನೆಯ ಹೂವು

ಚಿಕ್ಕಮಗಳೂರು ಜಿಲ್ಲೆ, ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಕೂಸು ಅಪರ್ಣಾ. ಹುಟ್ಟಿದ್ದು 1966ರಲ್ಲಿ. ತಂದೆ ಸಿನಿಮಾ ಪತ್ರಕರ್ತರು. ಅಂದರೆ ನಮ್ಮ ವೃತ್ತಿಬಾಂಧವರೇ! ಹದಿಹರೆಯ ದಾಟುವ ಮೊದಲೇ ಆಕೆಯನ್ನು ಕ್ಯಾಮರಾ ಮುಂದೆ ನಿಲ್ಲಿಸಿದವರು ಯಾರು ಗೊತ್ತೆ? ಸಾಕ್ಷಾತ್ ಪುಟ್ಟಣ್ಣ ಕಣಗಾಲ್! 1972ರ ‘ನಾಗರಹಾವು’ ಚಿತ್ರದಿಂದ ವಿಷ್ಣುವರ್ಧನ್ ಮತ್ತು ಅಂಬರೀಷ್ ಅವರನ್ನು ಕನ್ನಡಿಗರ ಕೈಗಿತ್ತ ಅದೇ ಪುಟ್ಟಣ್ಣ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ ‘ಮಸಣದ ಹೂವು’ ಚಿತ್ರದಲ್ಲಿ ಅಂಬರೀಷ್, ಜಯಂತಿಯಂಥ ಘಟಾನುಘಟಿಗಳ ನಡುವೆ ಈ ಹೊಸ ಹುಡುಗಿ! ಆದರೆ ವಿಧಿ ನೋಡಿ. ಚಿತ್ರ ಮುಗಿಯುವ ಮೊದಲೇ, 1985ರ ಜೂನ್ 5ರಂದು ಪುಟ್ಟಣ್ಣ ಕಣ್ಮುಚ್ಚಿದರು. ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು.

ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣನವರ ಹೆಸರಿನ ಚಿತ್ರಮಂದಿರವೇ ಒಂದಿತ್ತು. ಅದರ ಮುಂದೆ ಕ್ಯೂ ನಿಂತು ಬೆಳೆದವನು ನಾನು. ಇವತ್ತು ಆ ಚಿತ್ರಮಂದಿರವಿಲ್ಲ. ಇರಲಿ.

ಗುರುಗಳು ಹೋದ ಮೇಲೆ ‘ಸಂಗ್ರಾಮ’, ‘ನಮ್ಮೂರ ರಾಜ’, ‘ಇನ್‌ಸ್ಪೆಕ್ಟರ್ ವಿಕ್ರಮ್’ ಎಂದು ಅಪರ್ಣಾ ಒಂದಷ್ಟು ಚಿತ್ರಗಳಲ್ಲಿ ಕಾಣಿಸಿಕೊಂಡರು. ಆಮೇಲೆ ಆಕೆಯ ಹಾದಿ ಮೈಕಿನ ಕಡೆ ಹೊರಳಿತು. 1993ರಲ್ಲಿ ಆಕಾಶವಾಣಿ, ಜೊತೆಗೆ ದೂರದರ್ಶನ. ಟೀ ಅಂಗಡಿಯ ಗೆಳೆಯ ‘ಸೋಲು’ ಎಂದದ್ದು ಈ ತಿರುವನ್ನೇ. ಅದು ಸೋಲಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಿ ಅಂತೀರಾ? ನನ್ನ ಮಾನ ಹೋದ ಕಥೆಯನ್ನೇ ಸಾಕ್ಷಿಗೆ ಇಡುತ್ತೇನೆ.

ಹೃದಯದ ‘ಹ’ ತಿಂದ ಹುಡುಗ

1996ರ ನವೆಂಬರ್. ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ. ಅಡ್ಡರಸ್ತೆಗೆ ಅಡ್ಡಲಾಗಿ ಪೆಂಡಾಲು, ಹಳದಿ-ಕೆಂಪು ಬಾವುಟ, ಆರ್ಕೆಸ್ಟ್ರಾ. ಹತ್ತೊಂಬತ್ತರ ನನಗೆ ನಿರೂಪಣೆಯ ಪಟ್ಟ! ಕಾರಣ ಇಷ್ಟೆ, ಗೆಳೆಯರ ಪೈಕಿ ಇಸ್ತ್ರಿ ಮಾಡಿದ ಪ್ಯಾಂಟು ಇದ್ದವನು ನಾನೊಬ್ಬನೇ.

ಮೈಕ್ ಹಿಡಿದೆ. ಗಂಟಲು ಸರಿಮಾಡಿಕೊಂಡೆ. “ಸಮಸ್ತ ಕನ್ನಡಿಗರಿಗೂ ರಾಜ್ಯೋತ್ಸವದ ಆರ್ದಿಕ ಸುಬಾಸಯಗಳು!” ಎಂದು ಗುಡುಗಿದೆ.

ಹಿಂದಿನ ಸಾಲಿನ ಪುಂಡರು ಶಿಳ್ಳೆ ಹೊಡೆದರು. ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ಮಾತ್ರ ನಗಲಿಲ್ಲ. ಎದ್ದು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿ, “ಹಾರ್ದಿಕ ಕಣಯ್ಯಾ, ಹೃದಯದಿಂದ ಬಂದದ್ದು. ನೀನು ‘ಹ’ವನ್ನೇ ತಿಂದುಬಿಟ್ರೆ ಇನ್ನೇನು ಉಳೀತು?” ಎಂದರು. ಮೈಕ್ ಆಫ್ ಮಾಡಿರಲಿಲ್ಲ. ಇಡೀ ಬೀದಿಗೇ ಕೇಳಿಸಿತು! ಆಮೇಲೆ ಆರು ತಿಂಗಳು ನಮ್ಮ ಏರಿಯಾದಲ್ಲಿ ನನ್ನ ಹೆಸರೇ ‘ಆರ್ದಿಕ’.

ಮನೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ. ಟಿವಿಯಲ್ಲಿ ಅಪರ್ಣಾ ಯಾವುದೋ ಕಾರ್ಯಕ್ರಮ ನಿರೂಪಿಸುತ್ತಿದ್ದರು. ಒಗ್ಗರಣೆ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ, “ಆ ಹುಡುಗಿ ಹೆಂಗೆ ಮಾತಾಡ್ತಾಳೆ ಕೇಳೋ, ಒಂದಕ್ಷರ ಕೆಳಗೆ ಬೀಳಲ್ಲ” ಎಂದರು. ಅವತ್ತಿನಿಂದ ಶುರುವಾಯಿತು ನನ್ನ ಸಾಧನೆ! ಕನ್ನಡಿ ಮುಂದೆ ನಿಲ್ಲುವುದು, ಸೌಟೇ ಮೈಕು, ಬಾಯಿಯ ಮುಂದೆ ಎಡಗೈ ಅಂಗೈ. ‘ಹಾರ್ದಿಕ’ ಎಂದರೆ ಅಂಗೈಗೆ ಬಿಸಿಯುಸಿರು ತಾಗಬೇಕು. ‘ಶುಭ’ ಎಂದಾಗ ‘ಭ’ಕಾರದ ಗಾಳಿ ಬಡಿಯಬೇಕು. ಬಡಿಯದಿದ್ದರೆ ಅದು ‘ಬ’, ಮತ್ತೆ ಮೊದಲಿಂದ! ಮಹಾಪ್ರಾಣ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದು ಪುಸ್ತಕದ ಮಾತಲ್ಲ ಸ್ವಾಮೀ, ಎದೆಯ ತುಂಬ ಉಸಿರು ಬೇಡುವ ಕೆಲಸ ಅಂತ ನನಗೆ ಗೊತ್ತಾಗಿದ್ದೇ ಆಗ.

ನಾನು ಮೂರು ವಾಕ್ಯಕ್ಕೇ ಸುಸ್ತು. ಅಪರ್ಣಾ 1998ರ ದೀಪಾವಳಿ ಕಾರ್ಯಕ್ರಮಗಳನ್ನು ಸತತ 8 ಗಂಟೆ ನಿರೂಪಿಸಿದರು. ಎಂಟು ಗಂಟೆ! ಸಿನಿಮಾದಲ್ಲಾದರೆ ಮಾತು ತಪ್ಪಿದರೆ ‘ಕಟ್’ ಎನ್ನುತ್ತಾರೆ, ಇನ್ನೊಂದು ಟೇಕ್ ಇರುತ್ತದೆ. ವೇದಿಕೆಯ ಮೇಲೆ ಟೇಕ್ ಎಲ್ಲಿಂದ ಬರಬೇಕು? ಮಂತ್ರಿಗಳು ತಡವಾದರೆ ಆ ಖಾಲಿ ಹೊತ್ತು ತುಂಬಬೇಕು. ಗಾಯಕರ ಶ್ರುತಿ ಕೂಡದಿದ್ದರೆ ಜನ ಗೊಣಗದಂತೆ ನೋಡಿಕೊಳ್ಳಬೇಕು. ಅಷ್ಟೆಲ್ಲ ಮಾಡಿ, ಚಪ್ಪಾಳೆ ಬೀಳುವ ಹೊತ್ತಿಗೆ ತಾನು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಯಾವ ನಾಯಕನಟ ಹೀಗೆ ಹಿಂದೆ ಸರಿದಾನು, ಹೇಳಿ?

ಅಯ್ಯೋ, ವರಲಕ್ಷ್ಮಿ!

ನಡುನಡುವೆ ಬಣ್ಣ ಹಚ್ಚುವುದನ್ನು ಆಕೆ ಬಿಟ್ಟವರಲ್ಲ. ‘ಮೂಡಲಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದರು. 2013ರಲ್ಲಿ ಸುದೀಪ್ ನಡೆಸಿಕೊಟ್ಟ ಕನ್ನಡ ‘ಬಿಗ್ ಬಾಸ್’ನ ಮೊದಲ ಸೀಸನ್ನಿಗೆ ಸ್ಪರ್ಧಿಯಾಗಿ ಹೋದಾಗಲೇ ನಮ್ಮಂಥ ಹಳೆಯ ಅಭಿಮಾನಿಗಳು, “ಈಯಮ್ಮನಿಗೆ ಇದೆಲ್ಲ ಯಾಕಪ್ಪಾ ಬೇಕಿತ್ತು?” ಎಂದು ಗೊಣಗಿದ್ದೆವು.

ಆದರೆ ನಿಜವಾದ ಬಾಂಬು ಬಿದ್ದದ್ದು 2015ರಲ್ಲಿ, ‘ಮಜಾ ಟಾಕೀಸ್’ ಎಂಬ ನಗೆಯ ಸಂತೆಯಲ್ಲಿ! ಅದರ ಸೂತ್ರಧಾರ ಸೃಜನ್ ಲೋಕೇಶ್. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ, ಲೋಕೇಶ್-ಗಿರಿಜಾ ದಂಪತಿಯ ಮಗ. ಆ ಸಂತೆಗೆ ‘ವರಲಕ್ಷ್ಮಿ’ಯಾಗಿ ಬಂದರು ನಮ್ಮ ಅಪರ್ಣಾ. ಕಣ್ಣು ಕುಕ್ಕುವ ಅಲಂಕಾರ, ಬಿಂಕ, ಬಿನ್ನಾಣ, ಎಳೆದೆಳೆದು ಆಡುವ ಮಾತು...

ಸತ್ಯ ಹೇಳುತ್ತೇನೆ, ಮೊದಲ ದಿನ ನಾನು ಟಿವಿ ಆರಿಸಿಬಿಟ್ಟೆ. ನನ್ನ ಕಿವಿ ಹಿಂಡಿ ಕನ್ನಡ ಕಲಿಸಿದ ದನಿ ಹೀಗೆ ಕೋಡಂಗಿಯಾಟ ಆಡುವುದೇ ಎಂದು ಹೊಟ್ಟೆ ಉರಿದುಹೋಯಿತು. ಅಮ್ಮ ಬಂದು ಮತ್ತೆ ಹಾಕಿದರು. “ಸರಿಯಾಗಿ ನೋಡೋ, ಬೇಕೂಂತ ಸೊಟ್ಟ ನಡೆಯೋಕೂ ಕಾಲು ಗಟ್ಟಿ ಇರಬೇಕು” ಎಂದರು. ಆಮೇಲೆ ಕಣ್ಣರಳಿಸಿ ನೋಡಿದೆ. ನಿಜವೇ! ತನ್ನದೇ ಗಾಂಭೀರ್ಯವನ್ನು ತಾನೇ ಆಡಿಕೊಳ್ಳಬೇಕಾದರೆ ಅದು ಎಲ್ಲಿ ಶುರು, ಎಲ್ಲಿ ಮುಗಿತಾಯ ಅಂತ ಆಕೆಗೆ ಗೊತ್ತಿರಬೇಕು. ‘ವರಲಕ್ಷ್ಮಿ’ಯ ಬಾಯಲ್ಲೂ ಒಂದಕ್ಷರ ಕೆಳಗೆ ಬಿದ್ದಿದ್ದರೆ ಕೇಳಿ! ಆ ವಯಸ್ಸಿನಲ್ಲಿ, ಅಷ್ಟು ಹೆಸರು ಮಾಡಿದ ಮೇಲೆ, ಜನ ನಕ್ಕಾರು ಎಂದು ಹೆದರದೆ ನಗಿಸಲು ನಿಂತದ್ದು ಗಟ್ಟಿ ಗುಂಡಿಗೆಯೇ ಸರಿ.

ಆ ಶುಕ್ರವಾರ...

ನಮ್ಮ ಮೆಟ್ರೋದ ಕನ್ನಡ ದನಿಯೂ ಆಕೆಯದೇ ಎಂಬುದು ನಿಮಗೆ ಗೊತ್ತೇ ಇದೆ. ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದದ್ದು 2017ರ ಜೂನ್‌ನಲ್ಲಿ. ಅಲ್ಲಿಯತನಕ ನಮ್ಮ ಪಾಲಿಗೆ ಅದು ‘ಆರ್ವಿ ರೋಡು’, ‘ಜೇಪಿ ನಗರ’. ಕಂಡಕ್ಟರ್ ಬಾಯಲ್ಲೂ ಅಷ್ಟೆ, ನಮ್ಮ ಬಾಯಲ್ಲೂ ಅಷ್ಟೆ. ಆ ದನಿ ‘ರಾಷ್ಟ್ರೀಯ ವಿದ್ಯಾಲಯ ರಸ್ತೆ’ ಎಂದು ಬಿಡಿಸಿ ಹೇಳಿದಾಗ, ನಾನು ಹುಟ್ಟಿ ಬೆಳೆದ ಊರಿಗೆ ಯಾರೋ ಹೊಸದಾಗಿ ನಾಮಕರಣ ಮಾಡಿದಂತಾಯಿತು!

2022ರಲ್ಲಿ ಆಕೆಗೆ ಕ್ಯಾನ್ಸರ್ ಇರುವುದು ಗೊತ್ತಾಯಿತಂತೆ. ಶ್ವಾಸಕೋಶದ ಕ್ಯಾನ್ಸರ್. ಅಯ್ಯೋ ದೇವರೇ, ಮಹಾಪ್ರಾಣ ನುಡಿಯುವ ಉಸಿರಿನ ಚೀಲಕ್ಕೇ! ಆಕೆ ಅದನ್ನು ಊರಿಗೆಲ್ಲ ಸಾರಲಿಲ್ಲ. 2024ರ ಜುಲೈ 11ರ ಗುರುವಾರ ರಾತ್ರಿ ಬನಶಂಕರಿಯ ಮನೆಯಲ್ಲಿ ಅಪರ್ಣಾ ತೀರಿಕೊಂಡರು. ವಯಸ್ಸು 57. ಪತಿ, ವಾಸ್ತುಶಿಲ್ಪಿ ಮತ್ತು ಸಾಹಿತಿ ನಾಗರಾಜ ವಸ್ತಾರೆ ಹೇಳಿದ ಮೇಲೆಯೇ ನಾಡಿಗೆ ಆಕೆಯ ಕಾಯಿಲೆಯ ವಿಷಯ ತಿಳಿದದ್ದು.

ಮಾರನೇ ದಿನ ಶುಕ್ರವಾರ. ನಮಗೆಲ್ಲ ಹೊಸ ಚಿತ್ರದ ದಿನ ಅಲ್ಲವೇ? ನಾನು ಯಲಚೇನಹಳ್ಳಿಯಲ್ಲಿ ರೈಲು ಹತ್ತಿದೆ. ಡಬ್ಬಿಯ ತುಂಬ ಜನ, ಎಲ್ಲರೂ ಮೊಬೈಲಿನಲ್ಲಿ ಮುಳುಗಿದವರೇ. ಬಾಗಿಲು ಮುಚ್ಚಿತು. ಮೇಲಿನಿಂದ ಆ ದನಿ ಬಂತು. “ಮುಂದಿನ ನಿಲ್ದಾಣ...”

ಒಬ್ಬ ಹುಡುಗ ತಲೆಯೆತ್ತಿ ಸ್ಪೀಕರ್ ಇದ್ದ ಕಡೆ ನೋಡಿದ. ಇನ್ನೊಬ್ಬ ಮಹಿಳೆಯೂ ನೋಡಿದರು. ಆಮೇಲೆ ಇನ್ನೂ ಒಂದಿಬ್ಬರು. ಯಾರೂ ಏನೂ ಮಾತಾಡಲಿಲ್ಲ. ಬನಶಂಕರಿಯ ಹೆಸರನ್ನೂ ಆ ದನಿಯೇ ಹೇಳಿತು. ಆ ದಿನ ಆಕೆಯ ಕೊನೆಯ ಪಯಣವೂ ಬನಶಂಕರಿಗೇ. ನಾನು ಇಳಿಯಬೇಕಾಗಿದ್ದ ನಿಲ್ದಾಣ ದಾಟಿಹೋದರೂ ಇಳಿಯಲಿಲ್ಲ, ಸುಮ್ಮನೆ ಕೂತಿದ್ದೆ, ಇನ್ನೊಂದು ಹೆಸರು ಕೇಳೋಣ ಎಂದು.

ಈಗ ಹೇಳಿ ಮಿತ್ರರೇ. ನಾವು ಸಿನಿಮಾ ತಾರೆಯರನ್ನು ನೋಡಲು ಕಾಸು ಕೊಟ್ಟು ಹೋದೆವು. ಈಕೆಯಾದರೋ ಕರೆಯದೆಯೇ ನಮ್ಮ ಅಡುಗೆಮನೆಗೆ, ಬೀದಿಯ ಪೆಂಡಾಲಿಗೆ, ಕೆಲಸಕ್ಕೆ ಹೋಗುವ ರೈಲಿಗೆ ಬಂದರು. ಮೂವತ್ತು ವರ್ಷ ಬೇರೆಯವರ ಹೆಸರನ್ನು ತಪ್ಪಿಲ್ಲದೆ ಕರೆದರು. ಅದು ಹೀರೋಯಿನ್ ಪಟ್ಟ ತಪ್ಪಿದ್ದಕ್ಕೆ ಸಿಕ್ಕ ಸಮಾಧಾನದ ಬಹುಮಾನವೇ?

ಟೀ ಅಂಗಡಿಯ ಗೆಳೆಯಾ, ಈ ಸಂಚಿಕೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕೈಗೇನಾದರೂ ಸಿಕ್ಕರೆ ಒಂದು ಉಪಕಾರ ಮಾಡು. ಯಾರೂ ಇಲ್ಲದಾಗ ಕನ್ನಡಿ ಮುಂದೆ ನಿಂತು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, “ಹಾರ್ದಿಕ ಶುಭಾಶಯಗಳು” ಎಂದು ಒಂದೇ ಒಂದು ಸಲ ಹೇಳು. ಉಸಿರು ಕೈಗೆ ತಾಗಿತಾ? ತಾಗದಿದ್ದರೆ ನಾಚಿಕೆ ಬೇಡ, ಇನ್ನೊಂದು ಸಲ ಹೇಳು. ನನಗೆ ಆರು ತಿಂಗಳು ಹಿಡಿದಿತ್ತು!