ಓಟದಲ್ಲಿ ಮಿತವ್ಯಯ

ದೀರ್ಘದೂರದ ಓಟವು ಕನ್ನಡನಾಡಿಗೆ ನೂತನವಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರು 19ನೆಯವರಾಗಿ ಗುರಿ ಮುಟ್ಟಿದರು. ಅರ್ಧ ಮ್ಯಾರಥಾನಿನ ದೂರವು 21.0975 ಕಿಲೋಮೀಟರು, ನಂಜನಗೂಡಿನಿಂದ ಮೈಸೂರಿಗಿರುವ ದಾರಿಗಿಂತ ತುಸು ಕಡಿಮೆ.

ತಾಂಡ್ಯದ ತರುಣನೊಬ್ಬನು ಇದನ್ನು ಎರಡು ಗಂಟೆಗಳಲ್ಲಿ ಮುಗಿಸಲು ಸಂಕಲ್ಪಿಸಿದರೆ, ಒಂದೊಂದು ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡು ಮಾತ್ರವೇ ದೊರೆಯುವುದು. ಆರಂಭದ ಉತ್ಸಾಹದಲ್ಲಿ ಮೊದಲ ಐದು ಕಿಲೋಮೀಟರುಗಳನ್ನು ಐದೈದು ನಿಮಿಷಗಳಲ್ಲಿ ಓಡಿದರೆ 3 ನಿಮಿಷ 25 ಸೆಕೆಂಡು ಉಳಿಯುವುದು ನಿಜ. ಆದರೆ ಸ್ನಾಯುಗಳಲ್ಲಿ ಸಂಚಿತವಾದ ಶರ್ಕರೆಯು ಬೇಗನೆ ವ್ಯಯವಾಗಿ, ಕಡೆಯ ಐದಕ್ಕೆ ಏಳೇಳು ನಿಮಿಷ ಹಿಡಿದರೆ 6 ನಿಮಿಷ 35 ಸೆಕೆಂಡು ನಷ್ಟವಾಗುವುದು.

ತಿಂಗಳ ಮೊದಲ ವಾರದಲ್ಲೇ ಸಂಬಳವನ್ನೆಲ್ಲ ವ್ಯಯಿಸಿದ ಗೃಹಸ್ಥನ ಪಾಡೇ ಇದು. ಆದಕಾರಣ ಮೊದಲು ಮಿತವಾಗಿ ಓಡಿದವನಿಗೇ ಕೊನೆಯಲ್ಲಿ ಓಡುವ ಶಕ್ತಿಯು ಉಳಿಯುವುದು.